ದೂರದ ಪಂಪ್‌ಹೌಸಿಗೆ ಭದ್ರವಾದ ದಾರಿ: ಮಾಡ್ಯುಲರ್ ಇಂಡಸ್ಟ್ರಿಯಲ್ ರೂಟರ್ ಅಳವಡಿಸುವ ಸಮಗ್ರ ಮಾರ್ಗದರ್ಶಿ

ನದಿದಂಡೆಯ ಜಾಕ್‌ವೆಲ್‌ನಲ್ಲಿ (ನದಿಯ ನೀರು ಎತ್ತುವ ಬಾವಿಯಲ್ಲಿ) ಪಂಪು ನಿಂತುಹೋಗಿದೆ. ಪ್ಯಾನೆಲ್ ಬೋರ್ಡಿನ ಮೇಲೆ ಕೆಂಪು ದೀಪ. "ಸರ್, ಎಷ್ಟು ಸಲ ರೀಸೆಟ್ ಒತ್ತಿದರೂ ಎತ್ತುತ್ತಿಲ್ಲ" ಎಂದು ನೀರುಗಂಟಿ ಫೋನಿನಲ್ಲಿ ಹೇಳುತ್ತಾರೆ. ಪಂಪನ್ನು ನಡೆಸುವ ಚಿಕ್ಕ ಕಂಪ್ಯೂಟರಿಗೆ, ಅಂದರೆ ಪಿಎಲ್‌ಸಿಗೆ, ಪ್ರೋಗ್ರಾಂ ಬರೆದ ಎಂಜಿನಿಯರ್ ಇರುವುದು ಬೆಂಗಳೂರಿನ ಪೀಣ್ಯದಲ್ಲಿ. ಅವರು ಹೊರಟು ತಲುಪುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ, ಹಳ್ಳಿಗಳ ಟ್ಯಾಂಕುಗಳು ಬರಿದಾಗಿರುತ್ತವೆ. ಕೊನೆಗೆ ಸಿಕ್ಕುವ ದೋಷವೆಂದರೆ ಸಡಿಲವಾದ ಒಂದು ಲೆವೆಲ್ ಸೆನ್ಸರ್ ವೈರು. ಪಿಎಲ್‌ಸಿಯ ಒಳಗನ್ನು ಕೂತಲ್ಲಿಂದಲೇ ಎರಡು ನಿಮಿಷ ನೋಡಲು ಆಗಿದ್ದರೆ ಅದೇ ಫೋನಿನಲ್ಲಿ "ಮೂರನೆಯ ಟರ್ಮಿನಲ್ ಬಿಗಿ ಮಾಡಿ" ಎಂದು ಹೇಳಬಹುದಿತ್ತು.

ಆ ಎರಡು ನಿಮಿಷದ ನೋಟಕ್ಕೆ ದಾರಿ ಮಾಡುವುದು ಈ ಬರಹದ ವಿಷಯ. ಉದಾಹರಣೆಗೆ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯ ಪಂಪ್‌ಹೌಸನ್ನು ಇಟ್ಟುಕೊಂಡಿದ್ದೇನೆ. ಶೀತಲಗೃಹ, ಬಾಯ್ಲರ್, ಸೋಲಾರ್ ಘಟಕಗಳಿಗೂ ಕ್ರಮ ಹೆಚ್ಚುಕಡಿಮೆ ಇದೇ.

ಎಲ್ಲಕ್ಕಿಂತ ಮೊದಲು, ಮಾಡಬಾರದ ಕೆಲಸ ಯಾವುದೆಂದು ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ಮನೆಬಳಕೆಯ ರೂಟರ್ ತಂದು, ಸ್ಥಿರ ಐಪಿ ವಿಳಾಸ ಕೊಂಡು, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಕರೆಯನ್ನು ಒಳಗಿನ ಒಂದು ಯಂತ್ರಕ್ಕೆ ಸಾಗಿಸುವ ಏರ್ಪಾಡು) ಮೂಲಕ ಪಿಎಲ್‌ಸಿಯನ್ನು ನೇರವಾಗಿ ಇಂಟರ್ನೆಟ್ಟಿಗೆ ತೋರಿಸುವವರಿದ್ದಾರೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ನಿಜ. ಆದರೆ ಬಹಳ ಪಿಎಲ್‌ಸಿಗಳು ಬಳಸುವ ಮಾಡ್‌ಬಸ್ ಎಂಬ ಸಂವಹನ ಪದ್ಧತಿ ಹುಟ್ಟಿದ್ದು 1979ರಲ್ಲಿ. ಅದರಲ್ಲಿ ಪಾಸ್‌ವರ್ಡ್ ಎಂಬ ಕಲ್ಪನೆಯೇ ಇಲ್ಲ. ಅದು ಕಿವಿಗೊಡುವ 502ನೇ ಪೋರ್ಟಿಗೆ (ಜಾಲದ ಬಾಗಿಲಿಗೆ) ಬಂದು ಯಾರು "ಪಂಪು ನಿಲ್ಲಿಸು" ಎಂದರೂ ಯಂತ್ರ ನಿಲ್ಲುತ್ತದೆ. 2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಅಲಿಕ್ವಿಪಾ ಎಂಬ ಊರಿನ ನೀರು ಸರಬರಾಜು ವ್ಯವಸ್ಥೆಯಲ್ಲಿ, ಒತ್ತಡ ಹೆಚ್ಚಿಸುವ ಒಂದು ಬೂಸ್ಟರ್ ಸ್ಟೇಷನ್ನಿನ ಪಿಎಲ್‌ಸಿ ದಾಳಿಕೋರರ ಕೈಗೆ ಸಿಕ್ಕಿತು. ಆ ಸರಣಿ ದಾಳಿಗಳಲ್ಲಿ ಸಿಕ್ಕಿಬಿದ್ದ ಯಂತ್ರಗಳು ಇಂಟರ್ನೆಟ್ಟಿಗೆ ನೇರವಾಗಿ ತೆರೆದುಕೊಂಡಿದ್ದವು, ಅವುಗಳ ಕಾರ್ಖಾನೆ ಪಾಸ್‌ವರ್ಡ್ "1111". ಅಲಿಕ್ವಿಪಾದ ಸಿಬ್ಬಂದಿ ಕೂಡಲೇ ಕೈಯಿಂದ ಪಂಪು ನಡೆಸುವ ಕ್ರಮಕ್ಕೆ ಹೊರಳಿದ್ದರಿಂದ ನೀರು ನಿಲ್ಲಲಿಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಅದು ಮತ್ತೆ ಬರುತ್ತದೆ.

ಮೊದಲ ಹೆಜ್ಜೆ: ಕಾಗದದ ಮೇಲೆ ನಕ್ಷೆ

ರೂಟರ್ ಕೊಳ್ಳುವ ಮೊದಲು ಪಂಪ್‌ಹೌಸಿಗೆ ಹೋಗಿ ಪ್ಯಾನೆಲ್ ಬಾಗಿಲು ತೆರೆದು ಒಳಗಿರುವುದನ್ನೆಲ್ಲ ಬರೆದುಕೊಳ್ಳಿ. ಈಥರ್ನೆಟ್ ಪೋರ್ಟ್ ಇರುವ ಪಿಎಲ್‌ಸಿ ಯಾವುದು, ಟಚ್ ಸ್ಕ್ರೀನ್ ಇದೆಯೇ, ವಿಎಫ್‌ಡಿ (ಮೋಟರಿನ ವೇಗ ಹೊಂದಿಸುವ ಸಾಧನ) ಮತ್ತು ಫ್ಲೋ ಮೀಟರ್‌ಗಳು ಆರ್‌ಎಸ್-485 ಎಂಬ ಸೀರಿಯಲ್ ತಂತಿಯಲ್ಲಿ ಮಾತನಾಡುತ್ತವೆಯೇ, ಎನರ್ಜಿ ಮೀಟರಿನ ಸ್ಲೇವ್ ಸಂಖ್ಯೆ (ಆ ತಂತಿಯಲ್ಲಿ ಅದರ ಗುರುತಿನ ಸಂಖ್ಯೆ) ಎಷ್ಟು, 24 ವೋಲ್ಟ್ ಡಿಸಿ ಎಲ್ಲಿಂದ ಬರುತ್ತದೆ, ಪ್ಯಾನೆಲ್ ಒಳಗೆ ಮಧ್ಯಾಹ್ನದ ಉಷ್ಣಾಂಶ ಎಷ್ಟು. ಕಬ್ಬಿಣದ ಪ್ಯಾನೆಲ್‌ನೊಳಗೆ ವಿಎಫ್‌ಡಿಯ ಶಾಖವೂ ಸೇರಿದರೆ ಏಪ್ರಿಲ್ ತಿಂಗಳ ರಾಯಚೂರಿನಲ್ಲಿ 55 ಡಿಗ್ರಿ ದಾಟುವುದು ವಿಶೇಷವೇನಲ್ಲ. ಮನೆಯ ರೂಟರುಗಳನ್ನು ಸಾಮಾನ್ಯವಾಗಿ 40 ಡಿಗ್ರಿಯವರೆಗೆ ಮಾತ್ರ ಲೆಕ್ಕ ಹಾಕಿ ಮಾಡಿರುತ್ತಾರೆ.

ಪ್ರತಿ ಯಂತ್ರದ ಮುಂದೆ ಎರಡು ಪ್ರಶ್ನೆ ಬರೆಯಿರಿ. ಇದನ್ನು ದೂರದಿಂದ ನೋಡಬೇಕೇ? ಇದನ್ನು ದೂರದಿಂದ ಬದಲಾಯಿಸಬೇಕೇ? ನನ್ನ ಅನುಭವದಲ್ಲಿ ಮೊದಲನೆಯದಕ್ಕೆ ಹತ್ತು "ಹೌದು" ಬಂದರೆ ಎರಡನೆಯದಕ್ಕೆ ಒಂದೋ ಎರಡೋ ಬರುತ್ತವೆ. ಮುಂದಿನ ಎಲ್ಲ ನಿರ್ಧಾರಗಳು ಈ ಎರಡು ಪಟ್ಟಿಗಳ ಮೇಲೆ ನಿಲ್ಲುತ್ತವೆ.

ಎರಡನೆಯ ಹೆಜ್ಜೆ: ಮಾಡ್ಯುಲರ್ ಏಕೆ, ಯಾವ ಕಾರ್ಡು

ಮಾಡ್ಯುಲರ್ ರೂಟರ್ ಎಂದರೆ ಒಂದು ಮೂಲ ಘಟಕ, ಅದಕ್ಕೆ ಬೇಕಾದ ಕಾರ್ಡುಗಳು. ಎಚ್‌ಎಂಎಸ್ ಸಂಸ್ಥೆಯ ಇವಾನ್ ಫ್ಲೆಕ್ಸಿಯಲ್ಲಿ 4ಜಿ, ವೈಫೈ, ಸೀರಿಯಲ್ ಪೋರ್ಟ್, ಡಿಜಿಟಲ್ ಮತ್ತು ಅನಲಾಗ್ ಇನ್‌ಪುಟ್‌ಗಳಿಗೆ ಬೇರೆ ಬೇರೆ ಕಾರ್ಡುಗಳಿವೆ. ಸಿಸ್ಕೋದ ಐಆರ್ 1101ರಲ್ಲಿ ಮೊಬೈಲ್ ಮೋಡೆಮ್ ಕಳಚಿ ಹಾಕಬಹುದಾದ ಬೇರೆ ತುಂಡು, ಪಕ್ಕಕ್ಕೆ ವಿಸ್ತರಣಾ ಘಟಕವನ್ನೂ ಜೋಡಿಸಬಹುದು. ಬೇರೆ ಕಂಪನಿಗಳಲ್ಲೂ ಇಂಥವು ಸಿಗುತ್ತವೆ. ಹೆಸರಿಗಿಂತ ಮುಖ್ಯವಾದದ್ದು, ಭದ್ರತಾ ಅಪ್‌ಡೇಟುಗಳನ್ನು ಎಷ್ಟು ವರ್ಷ ಕೊಡುತ್ತೇವೆಂದು ತಯಾರಕರು ಬರೆದು ಕೊಡುತ್ತಾರೆಯೇ ಎಂಬುದು.

ಈ ಏರ್ಪಾಡಿನ ನಿಜವಾದ ಲಾಭ ತಿಳಿಯುವುದು ಐದಾರು ವರ್ಷ ಕಳೆದ ಮೇಲೆ. ಪಂಪ್‌ಹೌಸಿನ ಆಯುಸ್ಸು ದಶಕಗಳದ್ದು, ಮೊಬೈಲ್ ಜಾಲದ್ದು ಹಾಗಲ್ಲ. ಜಿಯೊ 2016ರಲ್ಲಿ ಕಾಲಿಟ್ಟಾಗಲೇ ಅದರಲ್ಲಿ 3ಜಿ ಇರಲಿಲ್ಲ. ಏರ್‌ಟೆಲ್ 2020ರ ಹೊತ್ತಿಗೆ ತನ್ನ 3ಜಿಯನ್ನು ಮುಚ್ಚಿತು. ಆಗ 3ಜಿ ರೂಟರ್ ಹಾಕಿಸಿದ್ದವರು ಇಡೀ ಪೆಟ್ಟಿಗೆಯನ್ನೇ ಬದಲಿಸಿ ಎಲ್ಲ ಹೊಂದಾಣಿಕೆಗಳನ್ನೂ (ಸೆಟ್ಟಿಂಗ್‌ಗಳನ್ನೂ) ಮೊದಲಿನಿಂದ ಬರೆಯಬೇಕಾಯಿತು. ಮೋಡೆಮ್ ಬೇರೆ ಕಾರ್ಡಾಗಿದ್ದರೆ ಅದೊಂದನ್ನು ಬದಲಿಸಿದರೆ ಸಾಕು.

ಮೋಡೆಮ್ ಕಾರ್ಡು ಕೊಳ್ಳುವಾಗ ಬ್ಯಾಂಡ್ (ಮೊಬೈಲ್ ಜಾಲ ಬಳಸುವ ತರಂಗಾಂತರದ ಪಟ್ಟಿ) ಸಂಖ್ಯೆಗಳನ್ನು ಓದಿ. ಜಿಯೊದ 4ಜಿ ನಡೆಯುವುದು ಮುಖ್ಯವಾಗಿ 3, 5 ಮತ್ತು 40ನೇ ಬ್ಯಾಂಡುಗಳಲ್ಲಿ. ಏರ್‌ಟೆಲ್‌ನದ್ದು 1, 3, 8, 40ರಲ್ಲಿ. ಬಿಎಸ್‌ಎನ್‌ಎಲ್‌ನ ಹೊಸ 4ಜಿ 28 ಮತ್ತು 1ರಲ್ಲಿ. ಯುರೋಪಿಗೆಂದು ಮಾಡಿದ ಕೆಲವು ಮೋಡೆಮ್‌ಗಳಲ್ಲಿ 28 ಇರುವುದೇ ಇಲ್ಲ. ಮಲೆನಾಡಿನ ಎಷ್ಟೋ ಕಡೆ ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೆ ಸಿಗ್ನಲ್ ಇಲ್ಲ; ಅಲ್ಲಿ ಹೋಗಿ ನಿಂತ ಮೇಲೆ ಇದು ಗೊತ್ತಾದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಪಂಪ್‌ಹೌಸಿಗೆ ಬೇಕಾಗುವುದು ಎರಡು ಸಿಮ್ ಹಿಡಿಸುವ 4ಜಿ ಕಾರ್ಡು, ಒಂದು ಆರ್‌ಎಸ್-485 ಕಾರ್ಡು, ಕನಿಷ್ಠ ಎರಡು ಡಿಜಿಟಲ್ ಇನ್‌ಪುಟ್ ಮತ್ತು ಒಂದು ಔಟ್‌ಪುಟ್, ಹಾಗೂ ಬೇರೆ ಬೇರೆಯಾಗಿ ವಿಂಗಡಿಸಬಹುದಾದ ಈಥರ್ನೆಟ್ ಪೋರ್ಟುಗಳು. ವೈಫೈ ಕಾರ್ಡು ಬೇಡ. ಬಳಸದ ಬಾಗಿಲನ್ನು ಕೊಂಡು ತರುವುದೇಕೆ? ಕಾರ್ಡುಗಳನ್ನು ಹಾಕುವಾಗ ವಿದ್ಯುತ್ ಕಡಿತಗೊಳಿಸಿ, ಕೈಯನ್ನು ಅರ್ಥ್ ಆದ ಲೋಹಕ್ಕೆ ಮುಟ್ಟಿಸಿ ಹಾಕಿ.

ಮೂರನೆಯ ಹೆಜ್ಜೆ: ಸಿಮ್, ಸಿಗ್ನಲ್, ಆಂಟೆನಾ

ಸಾಮಾನ್ಯ ಮೊಬೈಲ್ ಸಿಮ್ ಹಾಕಿದರೆ ನಿಮ್ಮ ರೂಟರಿಗೆ ಸಾರ್ವಜನಿಕ ಐಪಿ ವಿಳಾಸ ಬಹುತೇಕ ಸಿಗುವುದಿಲ್ಲ. 100.64ರಿಂದ 100.127ರವರೆಗಿನ ವಿಳಾಸ ಕಂಡರೆ ನೀವು ಮೊಬೈಲ್ ಕಂಪನಿಯ ಹಂಚಿಕೆಯ ವಿಳಾಸದ ಹಿಂದೆ ಇದ್ದೀರಿ ಎಂದರ್ಥ. ಹೊರಗಿನಿಂದ ಯಾರೂ ಒಳಗೆ ಬರಲಾಗದು. ಇದನ್ನು ಕೊರತೆ ಎಂದು ನೋಡಿ ದುಡ್ಡು ಕೊಟ್ಟು ಸ್ಥಿರ ವಿಳಾಸ ತೆಗೆದುಕೊಳ್ಳುವವರು ಬಹಳ. ನನ್ನ ಮಟ್ಟಿಗೆ ಇದು ವರ. ನಮ್ಮ ರೂಟರ್ ಒಳಗಿನಿಂದ ಹೊರಗೆ ಕರೆ ಮಾಡುತ್ತದೆ. ಹೊರಗಿನಿಂದ ಬರುವ ಕರೆಗೆ ಓಗೊಡಬೇಕಾದ ಅಗತ್ಯವೇ ಅದಕ್ಕಿಲ್ಲ.

ಸಾಧ್ಯವಾದರೆ ಯಂತ್ರಗಳಿಗೆಂದೇ ಇರುವ 13 ಅಂಕಿಯ ಎಂ2ಎಂ ಸಿಮ್ ಪಡೆಯಿರಿ. ಹಲವು ಪಂಪ್‌ಹೌಸುಗಳಿದ್ದರೆ ಖಾಸಗಿ ಎಪಿಎನ್ (ಮೊಬೈಲ್ ಜಾಲದೊಳಗೆ ನಿಮಗೆಂದೇ ಮೀಸಲಾದ ದಾರಿ) ಕೇಳಿ. ನಿಮ್ಮ ದತ್ತಾಂಶ ಸಾರ್ವಜನಿಕ ಇಂಟರ್ನೆಟ್ಟನ್ನು ಮುಟ್ಟದೆ ಹಾದುಹೋಗುತ್ತದೆ. ಖಾಸಗಿ ಎಪಿಎನ್ ಇದ್ದರೂ ವಿಪಿಎನ್ (ಜಾಲದೊಳಗೆ ಗೂಢಲಿಪಿಯ ಸುರಂಗ) ಬಿಡಬೇಡಿ. ಎರಡು ಸಿಮ್ ಹಾಕುವುದಾದರೆ ಎರಡು ಬೇರೆ ಕಂಪನಿಗಳದ್ದಾಗಿರಲಿ.

ಸಿಗ್ನಲನ್ನು ಕಡ್ಡಿಗಳಲ್ಲಿ ಎಣಿಸಬೇಡಿ, ರೂಟರಿನ ಪುಟದಲ್ಲಿ ಸಿಗ್ನಲ್ಲಿನ ಬಲ ಹೇಳುವ ಆರ್‌ಎಸ್‌ಆರ್‌ಪಿ ಎಂಬ ಅಂಕಿ ನೋಡಿ. ಮೈನಸ್ 90 ಡಿಬಿಎಂಗಿಂತ ಮೇಲಿದ್ದರೆ ಚೆನ್ನ. ಮೈನಸ್ 105ರವರೆಗೆ ನಿಭಾಯಿಸಬಹುದು. ಮೈನಸ್ 110ಕ್ಕಿಂತ ಕೆಳಗಿಳಿದರೆ ಮಳೆಗಾಲದಲ್ಲಿ ತೊಂದರೆ ಖಚಿತ. ಆಂಟೆನಾ ಪ್ಯಾನೆಲ್ ಒಳಗೆ ಇರಲೇಬಾರದು; ಉಕ್ಕಿನ ಪೆಟ್ಟಿಗೆ ಅಲೆಗಳನ್ನು ನುಂಗಿಬಿಡುತ್ತದೆ. ಹೊರಗೆ ಎತ್ತರದಲ್ಲಿ ಕಟ್ಟಿ, ಆದರೆ ಕೇಬಲ್ ಉದ್ದ ಕಡಿಮೆ ಇರಲಿ. ಆಂಟೆನಾ ಜೊತೆ ಬರುವ ತೆಳ್ಳನೆಯ ಕೇಬಲ್ ಈ ತರಂಗಾಂತರಗಳಲ್ಲಿ ಮೀಟರಿಗೆ ಒಂದು ಡೆಸಿಬೆಲ್‌ಗಿಂತ ಹೆಚ್ಚು ಕಳೆದುಕೊಳ್ಳುತ್ತದೆ. ಹತ್ತು ಮೀಟರ್ ಎಳೆದರೆ ಒಳ್ಳೆಯ ಆಂಟೆನಾ ತಂದುಕೊಟ್ಟ ಲಾಭವೆಲ್ಲ ತಂತಿಯಲ್ಲೇ ಕರಗಿಹೋಗುತ್ತದೆ. ಉದ್ದ ಬೇಕೇ ಬೇಕೆಂದರೆ ದಪ್ಪ ಕೇಬಲ್ ಕೊಳ್ಳಿ. 4ಜಿ ಕಾರ್ಡಿನಲ್ಲಿ ಎರಡು ಆಂಟೆನಾ ಕಿಂಡಿಗಳಿದ್ದರೆ ಎರಡಕ್ಕೂ ಆಂಟೆನಾ ಹಾಕಿ.

ನಾಲ್ಕನೆಯ ಹೆಜ್ಜೆ: ಕೂರಿಸುವುದು ಮತ್ತು ತಂತಿ

ಪ್ಯಾನೆಲ್ ಒಳಗಿನ 35 ಮಿಲಿಮೀಟರ್ ಡಿನ್ ರೈಲಿನಲ್ಲಿ (ಸಾಧನಗಳನ್ನು ಸಿಕ್ಕಿಸುವ ಲೋಹದ ಪಟ್ಟಿಯಲ್ಲಿ), ವಿಎಫ್‌ಡಿಯಿಂದ ಆದಷ್ಟು ದೂರದಲ್ಲಿ, ಗಾಳಿಯಾಡುವಂತೆ ರೂಟರ್ ಕೂರಿಸಿ. 24 ವೋಲ್ಟ್ ಎಸ್‌ಎಂಪಿಎಸ್‌ನಿಂದ (ವಿದ್ಯುತ್ ಪೂರೈಸುವ ಘಟಕದಿಂದ) ರೂಟರಿಗೆ ಪ್ರತ್ಯೇಕ ಫ್ಯೂಸ್ ಕೊಡಿ. ಚಿಕ್ಕ ಡಿಸಿ ಯುಪಿಎಸ್ ಇರಲೇಬೇಕು, ಏಕೆಂದರೆ ನಿಮಗೆ ಅತ್ಯಂತ ಅಗತ್ಯವಾದ ಸುದ್ದಿ ಎಂದರೆ "ಕರೆಂಟ್ ಹೋಯಿತು" ಎಂಬುದು. ಆ ಸುದ್ದಿ ಕಳಿಸಲು ರೂಟರ್ ಬದುಕಿರಬೇಕು.

ಸಿಡಿಲಿನ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. ಬಯಲಿನಲ್ಲಿರುವ ಪಂಪ್‌ಹೌಸು, ಎತ್ತರದ ಆಂಟೆನಾ, ದೂರದ ಟ್ಯಾಂಕಿನವರೆಗೆ ಎಳೆದ ಸೆನ್ಸರ್ ಕೇಬಲ್, ಮೂರೂ ಸಿಡಿಲಿಗೆ ದಾರಿ. ಆಂಟೆನಾ ಕೇಬಲ್ಲಿಗೆ ಒಂದು, ವಿದ್ಯುತ್ ಬರುವಲ್ಲಿ ಒಂದು, ಹೊರಗಿನಿಂದ ಬರುವ ಆರ್‌ಎಸ್-485 ಜೋಡಿಗೆ ಒಂದು ಸರ್ಜ್ ಅರೆಸ್ಟರ್ (ಸಿಡಿಲಿನ ಹೊಡೆತವನ್ನು ಭೂಮಿಗೆ ಇಳಿಸುವ ಸಾಧನ) ಹಾಕಿ. ಎಲ್ಲವೂ ಒಂದೇ ಅರ್ಥ್ ಬಾರಿಗೆ ಸೇರಲಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುವುದನ್ನು ಸಿಬ್ಬಂದಿಯ ಕೆಲಸದ ಪಟ್ಟಿಯಲ್ಲೇ ಬರೆಸಿ.

ಆರ್‌ಎಸ್-485ರಲ್ಲಿ ಎ ಮತ್ತು ಬಿ ಎಂಬ ಗುರುತನ್ನು ಒಂದೊಂದು ಕಂಪನಿ ಒಂದೊಂದು ರೀತಿ ಬಳಸುತ್ತದೆ. ಮಾತುಕತೆ ಆರಂಭವಾಗದಿದ್ದರೆ ಮೊದಲು ಆ ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡಿ, ಏನೂ ಸುಡುವುದಿಲ್ಲ. ಸಾಲಿನ ಎರಡು ತುದಿಗಳಲ್ಲಿ ಮಾತ್ರ 120 ಓಮ್ ರೆಸಿಸ್ಟರ್ ಇರಲಿ. ಕೇಬಲ್ಲಿನ ಜಾಲರಿ ಹೊದಿಕೆಯನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ.

ಐದನೆಯ ಹೆಜ್ಜೆ: ವಿಳಾಸಗಳ ಯೋಜನೆ

ಈ ಹೆಜ್ಜೆಯನ್ನು ಹಾರಿಸಿದವರು ಆಮೇಲೆ ವಾರಗಟ್ಟಲೆ ಒದ್ದಾಡುತ್ತಾರೆ. ಪ್ಯಾನೆಲ್ ಮಾಡಿದವರು ಎಲ್ಲ ಪಿಎಲ್‌ಸಿಗಳಿಗೂ 192.168.1.10 ಎಂದೇ ವಿಳಾಸ ಕೊಟ್ಟಿರುತ್ತಾರೆ. ಒಂದೇ ಪಂಪ್‌ಹೌಸ್ ಇರುವವರೆಗೆ ತೊಂದರೆಯಿಲ್ಲ. ಎರಡನೆಯದು ಸೇರಿದ ದಿನ ನಿಮ್ಮ ಲ್ಯಾಪ್‌ಟಾಪಿಗೆ ಯಾವ ಪಿಎಲ್‌ಸಿ ಯಾವ ಊರಿನದ್ದೆಂದು ತಿಳಿಯುವುದಿಲ್ಲ. ನಿಮ್ಮ ಮನೆಯ ವೈಫೈ ಕೂಡ 192.168.1ರಲ್ಲೇ ಇದ್ದರೆ ಗೊಂದಲ ಇನ್ನೂ ಹೆಚ್ಚು. ನೀವು ಒಂದು ಊರಿನ ಪಂಪೆಂದು ತಿಳಿದು ಇನ್ನೊಂದು ಊರಿನ ಪಂಪಿಗೆ ಆಜ್ಞೆ ಕಳಿಸುವ ಅಪಾಯ ಇಲ್ಲಿ ಹುಟ್ಟುತ್ತದೆ.

ಆದ್ದರಿಂದ ಪ್ರತಿ ಸ್ಥಳಕ್ಕೂ ವಿಳಾಸಗಳ ಒಂದೊಂದು ಸಾಲು ಕೊಡಿ (/24 ಎಂದರೆ ಮೊದಲ ಮೂರು ಅಂಕಿ ಒಂದೇ ಆಗಿರುವ ಗುಂಪು): ಜಾಕ್‌ವೆಲ್‌ಗೆ 10.41.1.0/24, ಶುದ್ಧೀಕರಣ ಘಟಕಕ್ಕೆ 10.41.2.0/24, ಬೂಸ್ಟರ್ ಪಂಪ್‌ಹೌಸಿಗೆ 10.41.3.0/24. ಒಳಗಿನ ಕ್ರಮವೂ (ಕೊನೆಯ ಅಂಕಿ) ಎಲ್ಲೆಡೆ ಒಂದೇ ಇರಲಿ: ರೂಟರ್ 1, ಪಿಎಲ್‌ಸಿ 10, ಟಚ್ ಸ್ಕ್ರೀನ್ 20. ಪಿಎಲ್‌ಸಿಯ ವಿಳಾಸ ಬದಲಿಸಲು ಸಾಧ್ಯವಿಲ್ಲದಿದ್ದರೆ ರೂಟರಿನಲ್ಲಿ ಒಂದಕ್ಕೊಂದು ವಿಳಾಸ ಪರಿವರ್ತನೆ ಮಾಡಿ, ಹೊರಗೆ 10.41.3.10, ಒಳಗೆ ಹಳೆಯ 192.168.1.10.

ಇನ್ನೊಂದು ತೊಡಕನ್ನು ಈಗಲೇ ಹೇಳುತ್ತೇನೆ. ವಿಪಿಎನ್ ಏರಿದೆ, ರೂಟರಿಗೆ ಪಿಂಗ್ (ಇದ್ದೀಯಾ ಎಂದು ಕೇಳುವ ಪರೀಕ್ಷೆ) ಹೋಗುತ್ತದೆ, ಆದರೆ ಪಿಎಲ್‌ಸಿ ಮೌನ. ಬಹಳ ಜನ ಇಲ್ಲಿ ವಿಪಿಎನ್ನನ್ನು ಬೈಯುತ್ತ ಕೂರುತ್ತಾರೆ. ತಪ್ಪು ಸಾಮಾನ್ಯವಾಗಿ ಪಿಎಲ್‌ಸಿಯಲ್ಲಿರುತ್ತದೆ: ಅದರ ಗೇಟ್‌ವೇ (ಹೊರಗೆ ಹೋಗುವ ದಾರಿಯ ವಿಳಾಸ) ಜಾಗ ಖಾಲಿ ಬಿಟ್ಟಿರುತ್ತಾರೆ. ಪ್ರಶ್ನೆ ಅದಕ್ಕೆ ತಲುಪುತ್ತದೆ, ಉತ್ತರ ಯಾವ ದಾರಿಯಲ್ಲಿ ಕಳಿಸಬೇಕೆಂದು ಅದಕ್ಕೆ ಗೊತ್ತಿಲ್ಲ. ಗೇಟ್‌ವೇ ಜಾಗದಲ್ಲಿ ರೂಟರಿನ ವಿಳಾಸ ಬರೆಯಿರಿ. ಪಿಎಲ್‌ಸಿಯನ್ನು ಮುಟ್ಟುವಂತಿಲ್ಲದಿದ್ದರೆ, ವಿಪಿಎನ್ನಿಂದ ಬರುವ ಎಲ್ಲ ಮಾತೂ ರೂಟರಿನ ಒಳ ವಿಳಾಸದಿಂದಲೇ ಬಂದಂತೆ ಕಾಣಿಸುವ ನ್ಯಾಟ್ (ವಿಳಾಸ ಪರಿವರ್ತನೆ) ನಿಯಮವನ್ನು ರೂಟರಿನಲ್ಲಿ ಹಾಕಿ.

ಆರನೆಯ ಹೆಜ್ಜೆ: ಸಿಮ್ ಹಾಕುವ ಮುನ್ನ ರೂಟರನ್ನು ಬಿಗಿ ಮಾಡುವುದು

ಇದನ್ನು ಕಚೇರಿಯ ಮೇಜಿನ ಮೇಲೆ ಮಾಡಿ, ಸಿಮ್ ಇನ್ನೂ ಹೊರಗಿರಲಿ. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿ. ಒಂದು ಸ್ಥಳದ ಪಾಸ್‌ವರ್ಡ್ ಇನ್ನೊಂದಕ್ಕೆ ಬೇಡ. ತಯಾರಕರ ಜಾಲತಾಣದಿಂದ ಹೊಸ ಫರ್ಮ್‌ವೇರ್ (ರೂಟರಿನೊಳಗಿನ ಮೂಲ ತಂತ್ರಾಂಶ) ಇಳಿಸಿ ಹಾಕಿ. ಟೆಲ್ನೆಟ್, ಗೂಢಲಿಪಿಯಿಲ್ಲದ ಎಚ್‌ಟಿಟಿಪಿ, ಯುಪಿಎನ್‌ಪಿ, ಹಳೆಯ ಎಸ್‌ಎನ್‌ಎಂಪಿ, ಭದ್ರತೆ ಸಡಿಲವಾದ ಈ ಸೇವೆಗಳೆಲ್ಲ ಬಂದ್. ಎಸ್‌ಎಂಎಸ್ ಮೂಲಕ ಆಜ್ಞೆ ಪಡೆಯುವ ಸೌಲಭ್ಯವಿದ್ದರೆ ಅದೂ ಬಂದ್. ರೂಟರಿನ ನಿರ್ವಹಣಾ ಪುಟ ಮೊಬೈಲ್ ಜಾಲದ ಕಡೆಯಿಂದ ತೆರೆಯಲೇಬಾರದು.

ನಿರ್ವಹಣಾ ಪುಟದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. 2015ರ ಡಿಸೆಂಬರ್ 23ರಂದು ಉಕ್ರೇನ್‌ನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ದಾಳಿಯಾಗಿ ಸುಮಾರು 2,25,000 ಗ್ರಾಹಕರು ಕತ್ತಲಿಗೆ ಬಿದ್ದರು. ದಾಳಿಕೋರರು ಸಿಬ್ಬಂದಿಯದ್ದೇ ಹೆಸರು, ಪಾಸ್‌ವರ್ಡ್ ಕದ್ದು ವಿಪಿಎನ್ ಮೂಲಕವೇ ಒಳಗೆ ಬಂದಿದ್ದರು. ಬ್ರೇಕರ್‌ಗಳನ್ನು ತೆರೆದದ್ದಲ್ಲದೆ, ಉಪಕೇಂದ್ರಗಳಲ್ಲಿದ್ದ ಸೀರಿಯಲ್‌ನಿಂದ ಈಥರ್ನೆಟ್ಟಿಗೆ ಪರಿವರ್ತಿಸುವ ಪೆಟ್ಟಿಗೆಗಳ ಫರ್ಮ್‌ವೇರನ್ನೂ ಅಳಿಸಿಹಾಕಿದರು. ದೂರದಿಂದ ಮತ್ತೆ ಚಾಲೂ ಮಾಡುವ ದಾರಿಯೇ ಉಳಿಯಲಿಲ್ಲ. ಸಿಬ್ಬಂದಿ ಉಪಕೇಂದ್ರಗಳಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದ ಮೇಲೆಯೇ ಬೆಳಕು ಬಂದದ್ದು. ನಾವು ಪ್ಯಾನೆಲ್‌ನಲ್ಲಿ ಕೂರಿಸುತ್ತಿರುವುದು ಅಂಥದೇ ಒಂದು ಪೆಟ್ಟಿಗೆಯನ್ನು.

ಏಳನೆಯ ಹೆಜ್ಜೆ: ವಿಪಿಎನ್ ಸುರಂಗ

ಮಧ್ಯದಲ್ಲಿ ಒಂದು ಸರ್ವರ್ ಬೇಕು. ಸಾರ್ವಜನಿಕ ವಿಳಾಸ ಇರುವುದು ಅದೊಂದಕ್ಕೇ. ಎಲ್ಲ ಪಂಪ್‌ಹೌಸುಗಳ ರೂಟರುಗಳೂ ಎಂಜಿನಿಯರುಗಳ ಲ್ಯಾಪ್‌ಟಾಪುಗಳೂ ಅದಕ್ಕೆ ಕರೆ ಮಾಡುತ್ತವೆ, ಅಲ್ಲಿ ಭೇಟಿಯಾಗುತ್ತವೆ. ಸರ್ವರ್ ನಡೆಸುವ ಶಕ್ತಿ ನಿಮ್ಮಲ್ಲಿಲ್ಲದಿದ್ದರೆ ರೂಟರ್ ತಯಾರಕರ ಕ್ಲೌಡ್ ಸೇವೆ ಬಳಸಬಹುದು. ಇವಾನ್‌ಗೆ ಟಾಕ್2ಎಂ ಎಂಬುದಿದೆ. ನಿರ್ವಹಿಸಲಾಗದ ಸ್ವಂತ ಸರ್ವರಿಗಿಂತ ಚೆನ್ನಾಗಿ ನಡೆಯುವ ಪರರ ಸೇವೆ ಮೇಲು.

ಸ್ವಂತದ್ದಾದರೆ ನಾನು ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶವನ್ನು ಆರಿಸುತ್ತೇನೆ. 2020ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇದೆ, ಹೊಂದಾಣಿಕೆ ಒಂದು ಪುಟಕ್ಕಿಂತ ಕಡಿಮೆ, ದುರ್ಬಲ ಗೂಢಲಿಪಿಯನ್ನು ತಪ್ಪಿ ಆರಿಸಿಕೊಳ್ಳುವ ಅವಕಾಶವೇ ಇಲ್ಲ. ನಿಮ್ಮ ರೂಟರಿನಲ್ಲಿ ಅದಿಲ್ಲದಿದ್ದರೆ ಓಪನ್‌ವಿಪಿಎನ್ ಅಥವಾ ಐಪಿಸೆಕ್ ಕೂಡ ಸರಿಯೇ. ಕ್ರಮ ಹೀಗೆ:

1. ರೂಟರಿನೊಳಗೇ ಕೀಲಿಜೋಡಿ ಹುಟ್ಟಿಸಿ. ಖಾಸಗಿ ಕೀಲಿ ರೂಟರ್ ಬಿಟ್ಟು ಹೊರಗೆ ಬರಬಾರದು. ವಾಟ್ಸ್‌ಆ್ಯಪ್‌ನಲ್ಲಿ ಅಂತೂ ಹೋಗಲೇಬಾರದು. ಸಾರ್ವಜನಿಕ ಕೀಲಿಯನ್ನು ಮಾತ್ರ ಸರ್ವರಿಗೆ ಕೊಡಿ.
2. ಸರ್ವರಿನಲ್ಲಿ ಆ ರೂಟರಿನ ಮುಂದೆ "ಅಲೌಡ್ ಐಪಿ" ಜಾಗದಲ್ಲಿ ಅದರ ಸುರಂಗದ ವಿಳಾಸವನ್ನೂ ಅದರ ಸಾಲು 10.41.3.0/24ನ್ನೂ ಮಾತ್ರ ಬರೆಯಿರಿ. ಆಗ ಆ ರೂಟರ್ ಬೇರೆ ಊರಿನ ಹೆಸರಿನಲ್ಲಿ ಮಾತನಾಡಿದರೆ ಸರ್ವರ್ ಅದನ್ನು ಎಸೆಯುತ್ತದೆ.
3. ರೂಟರಿನಲ್ಲಿ ಕೀಪ್‌ಅಲೈವ್ (ಸುರಂಗ ತೆರೆದಿರಲು ಆಗಾಗ ಕಳಿಸುವ ಚಿಕ್ಕ ಸಂದೇಶ) 25 ಸೆಕೆಂಡ್ ಇಡಿ. ಇಲ್ಲದಿದ್ದರೆ ಮೊಬೈಲ್ ಕಂಪನಿಯ ನ್ಯಾಟ್ ಸ್ವಲ್ಪ ಹೊತ್ತಿನಲ್ಲೇ ನಿಮ್ಮನ್ನು ಮರೆತುಬಿಡುತ್ತದೆ.
4. ಪಿಂಗ್ ಹೋಗುತ್ತಿದ್ದರೂ ಪಿಎಲ್‌ಸಿ ಪ್ರೋಗ್ರಾಂ ಇಳಿಸುವಾಗ ಅರ್ಧದಲ್ಲಿ ನಿಂತರೆ ಎಂಟಿಯುವನ್ನು (ಒಮ್ಮೆಗೆ ಕಳಿಸುವ ತುಣುಕಿನ ಗರಿಷ್ಠ ಗಾತ್ರವನ್ನು) 1420ರಿಂದ 1280ಕ್ಕೆ ಇಳಿಸಿ ನೋಡಿ.

ಗಡಿಯಾರದ ಮಾತು ಬೇರೆಯಾಗಿ ಹೇಳಬೇಕು, ಏಕೆಂದರೆ ಇದು ಬಹಳ ರಾತ್ರಿಗಳ ನಿದ್ದೆ ಕೆಡಿಸುವ ದೋಷ. ಕೆಲವು ರೂಟರುಗಳಲ್ಲಿ ಬ್ಯಾಟರಿ ಇರುವ ಗಡಿಯಾರ ಇರುವುದಿಲ್ಲ. ಕರೆಂಟ್ ಹೋಗಿ ಬಂದಾಗ ಅವು 1970ರಲ್ಲಿ ಎದ್ದು ಕೂರುತ್ತವೆ. ಓಪನ್‌ವಿಪಿಎನ್‌ಗೆ ಪ್ರಮಾಣಪತ್ರದ ಅವಧಿ ಇನ್ನೂ ಆರಂಭವೇ ಆಗಿಲ್ಲವೆಂದು ಕಾಣುತ್ತದೆ. ವೈರ್‌ಗಾರ್ಡ್‌ನಲ್ಲಿ ಸರ್ವರ್ ಹಿಂದೆ ಕಂಡ ಸಮಯಕ್ಕಿಂತ ಹಳೆಯ ಸಮಯದ ಕೈಕುಲುಕನ್ನು (ಸಂಪರ್ಕ ಆರಂಭಿಸುವ ಸಂದೇಶವನ್ನು) ಒಪ್ಪುವುದಿಲ್ಲ. ಸುರಂಗ ಏರುವುದಿಲ್ಲ, ಸಮಯದ ಸರ್ವರ್ ಸುರಂಗದೊಳಗಿದ್ದರೆ ಗಡಿಯಾರವೂ ಸರಿಯಾಗುವುದಿಲ್ಲ. ಆದ್ದರಿಂದ ಎನ್‌ಟಿಪಿ (ಜಾಲದ ಮೂಲಕ ಸಮಯ ಪಡೆಯುವ ಪದ್ಧತಿ) ಸುರಂಗದ ಹೊರಗಿನಿಂದಲೇ ಬರುವಂತೆ ದಾರಿ ಬಿಡಿ. ದೇಶದ ಅಧಿಕೃತ ಸಮಯ ಕಾಯುವ ರಾಷ್ಟ್ರೀಯ ಭೌತ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ (ಎನ್‌ಐಸಿ) ಸರ್ವರನ್ನು ಬಳಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವೂ ಅದನ್ನೇ ಹೇಳುತ್ತದೆ.

ಎಂಟನೆಯ ಹೆಜ್ಜೆ: ಸುರಂಗದೊಳಗೂ ಬೇಲಿ

ವಿಪಿಎನ್ ಏರಿದ ಕೂಡಲೇ ಕೆಲಸ ಮುಗಿಯಿತೆಂದು ಹೊರಡುವವರು ಬಹಳ. ಆದರೆ ಸುರಂಗ ಬರೀ ದಾರಿ. ಆ ದಾರಿಯಲ್ಲಿ ಬಂದವರು ಏನು ಮಾಡಬಹುದು ಎಂಬುದನ್ನು ರೂಟರಿನ ಫೈರ್‌ವಾಲ್ (ಯಾವ ಮಾತು ಹಾದುಹೋಗಬಹುದೆಂದು ತೀರ್ಮಾನಿಸುವ ತಡೆಗೋಡೆ) ಹೇಳಬೇಕು. ಮೊದಲ ನಿಯಮ ಎಲ್ಲವನ್ನೂ ತಡೆಯುವುದು. ಅದರ ಮೇಲೆ ಒಂದೊಂದಾಗಿ ತೆರೆಯಿರಿ. ಎಂಜಿನಿಯರ್ ಪ್ರೋಗ್ರಾಂ ನೋಡಲು ಬಳಸುವ ಪೋರ್ಟ್ ಯಾವುದೋ ಅದೊಂದೇ (ಸೀಮನ್ಸ್ ಎಸ್7 ಆದರೆ 102, ಈಥರ್ನೆಟ್/ಐಪಿ ಆದರೆ 44818), ಅದೂ ಪಿಎಲ್‌ಸಿ ಒಂದಕ್ಕೇ. ಒಂದು ಪಂಪ್‌ಹೌಸಿನಿಂದ ಇನ್ನೊಂದಕ್ಕೆ ದಾರಿ ಇರಬಾರದು. ಪಿಎಲ್‌ಸಿಯಿಂದ ಇಂಟರ್ನೆಟ್ಟಿಗೂ ಇರಬಾರದು. ಸಿಸಿಟಿವಿ ಕ್ಯಾಮೆರಾ ಇದ್ದರೆ ಅದಕ್ಕೆ ಬೇರೆ ಪೋರ್ಟ್, ಬೇರೆ ವಿಎಲ್ಯಾನ್ (ಒಂದೇ ರೂಟರಿನೊಳಗೆ ಬೇರ್ಪಡಿಸಿದ ಜಾಲ).

ಮೊದಲ ಹೆಜ್ಜೆಯಲ್ಲಿ ಬರೆದ ಎರಡು ಪಟ್ಟಿಗಳು ಈಗ ಕೆಲಸಕ್ಕೆ ಬರುತ್ತವೆ. ನೋಡುವ ಪಟ್ಟಿಯಲ್ಲಿರುವ ಯಾವುದಕ್ಕೂ ಒಳಗೆ ಬರುವ ದಾರಿ ಬೇಕಿಲ್ಲ. ರೂಟರ್ ತಾನೇ ಆರ್‌ಎಸ್-485 ಮೂಲಕ ಫ್ಲೋ ಮೀಟರನ್ನೂ ಎನರ್ಜಿ ಮೀಟರನ್ನೂ ಓದಿ, ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯ ಮೂಲಕ ಗೂಢಲಿಪಿಯಲ್ಲಿ ಹೊರಗೆ ಕಳಿಸಲಿ. ಮಾಡ್‌ಬಸ್‌ನಲ್ಲಿ 1ರಿಂದ 4ರವರೆಗಿನ ಫಂಕ್ಷನ್ ಕೋಡುಗಳು ಓದಲು. 5, 6, 15, 16 ಬರೆಯಲು. ರೂಟರಿನ ಓದುವ ಪಟ್ಟಿಯಲ್ಲಿ ಮೊದಲ ಗುಂಪನ್ನಷ್ಟೇ ಇಡಿ. ಹೀಗೆ ಮಾಡಿದರೆ ದಿನದ 24 ಗಂಟೆಯೂ ಅಂಕಿ ಅಂಶ ಹೊರಗೆ ಹರಿಯುತ್ತಿರುತ್ತದೆ, ಒಳಗೆ ಬರುವ ಬಾಗಿಲು ಮುಚ್ಚಿಯೇ ಇರುತ್ತದೆ.

ಒಂಬತ್ತನೆಯ ಹೆಜ್ಜೆ: ಕೀಲಿ ನೀರುಗಂಟಿಯ ಕೈಯಲ್ಲಿ

ಈ ಬರಹದಲ್ಲಿ ಒಂದೇ ಒಂದು ಹೆಜ್ಜೆಯನ್ನು ನೀವು ಪಾಲಿಸುವುದಾದರೆ ಇದನ್ನು ಪಾಲಿಸಿ. ಬದಲಾಯಿಸುವ ಪಟ್ಟಿಯಲ್ಲಿರುವ ಯಂತ್ರಗಳಿಗೆ ದೂರದಿಂದ ಬರುವ ದಾರಿ ಯಾವಾಗಲೂ ತೆರೆದಿರಬಾರದು. ಅದನ್ನು ತೆರೆಯುವ ಅಧಿಕಾರ ಪಂಪಿನ ಪಕ್ಕದಲ್ಲಿ ನಿಂತಿರುವ ಮನುಷ್ಯನಿಗಿರಬೇಕು.

ಮಾಡುವುದು ಸುಲಭ. ಪ್ಯಾನೆಲ್ ಬಾಗಿಲಿನಲ್ಲಿ ಕೀಲಿ ಹಾಕಿ ತಿರುಗಿಸುವ ಸ್ವಿಚ್ ಕೂರಿಸಿ, ಅದರ ಸಂಪರ್ಕವನ್ನು ರೂಟರಿನ ಡಿಜಿಟಲ್ ಇನ್‌ಪುಟ್‌ಗೆ ಕೊಡಿ. ಇನ್‌ಪುಟ್ ಆನ್ ಇದ್ದಾಗ ಮಾತ್ರ ಎಂಜಿನಿಯರಿನ ಸುರಂಗ ಅಥವಾ ಫೈರ್‌ವಾಲ್ ನಿಯಮ ಚಾಲೂ ಆಗುವಂತೆ ರೂಟರಿನಲ್ಲಿ ಬರೆಯಿರಿ. ಎರಡು ಗಂಟೆಯ ನಂತರ ತಾನಾಗಿ ಮುಚ್ಚಿಕೊಳ್ಳಲಿ. ಡಿಜಿಟಲ್ ಔಟ್‌ಪುಟ್‌ನಿಂದ ಒಂದು ಹಳದಿ ದೀಪ ಹಚ್ಚಿ: "ಹೊರಗಿನವರು ಈಗ ಒಳಗಿದ್ದಾರೆ" ಎಂದು ತಿಳಿಯಲು. ಎಂಜಿನಿಯರ್ ಫೋನ್ ಮಾಡುತ್ತಾರೆ, ನೀರುಗಂಟಿ ಕೀಲಿ ತಿರುಗಿಸುತ್ತಾರೆ, ಕೆಲಸ ಮುಗಿದ ಮೇಲೆ ಕೀಲಿ ಹಿಂದಕ್ಕೆ. ಅಷ್ಟೇ.

ಇದರ ಜೊತೆಗೆ, ಪಂಪು ಸ್ಥಳದಿಂದ ನಡೆಯಬೇಕೋ ದೂರದಿಂದಲೋ ಎಂದು ಆರಿಸುವ ಲೋಕಲ್/ರಿಮೋಟ್ ಸೆಲೆಕ್ಟರ್ ಸ್ವಿಚ್ ಸ್ಟಾರ್ಟರಿನ ಸರ್ಕ್ಯೂಟಿನಲ್ಲೇ ತಂತಿಯಿಂದ ಇರಬೇಕು, ಸಾಫ್ಟ್‌ವೇರಿನಲ್ಲಿ ಅಲ್ಲ. ಎಮರ್ಜೆನ್ಸಿ ಸ್ಟಾಪ್ ಕೂಡ ಹಾಗೆಯೇ. ಗ್ಲ್ಯಾಂಡ್ ಪ್ಯಾಕಿಂಗ್ (ಶಾಫ್ಟಿನ ಸುತ್ತ ನೀರು ಸೋರದಂತೆ ತುಂಬುವ ಹಗ್ಗ) ಬದಲಿಸಲು ಒಬ್ಬರು ಪಂಪಿನ ಶಾಫ್ಟಿಗೆ ಕೈ ಹಾಕಿದ್ದಾರೆಂದುಕೊಳ್ಳಿ. ನೂರಾರು ಕಿಲೋಮೀಟರ್ ದೂರದಲ್ಲಿ ಕೂತು "ರನ್" ಒತ್ತುವವನಿಗೆ ಆ ಕೈ ಕಾಣುವುದಿಲ್ಲ. ಫೈರ್‌ವಾಲ್, ಗೂಢಲಿಪಿ, ಪಾಸ್‌ವರ್ಡ್ ಯಾವುದೂ ಆ ಕೈಯನ್ನು ಉಳಿಸುವುದಿಲ್ಲ. ಉಳಿಸುವುದು ಆ ಸೆಲೆಕ್ಟರ್ ಸ್ವಿಚ್, ಮತ್ತು ಕೆಲಸಕ್ಕೆ ಮೊದಲು ಮುಖ್ಯ ಬ್ರೇಕರ್ ಇಳಿಸಿ ಬೀಗ ಹಾಕುವ ಅಭ್ಯಾಸ. ಅಲಿಕ್ವಿಪಾದಲ್ಲೂ ಉಕ್ರೇನ್‌ನಲ್ಲೂ ಕೊನೆಗೆ ಊರನ್ನು ಕಾಪಾಡಿದ್ದು ಸ್ಥಳದಲ್ಲಿ ಕೈಯಿಂದ ನಡೆಸುವ ವ್ಯವಸ್ಥೆ ಜೀವಂತವಾಗಿದ್ದದ್ದು. ರಿಮೋಟ್ ಬಂತೆಂದು ಹಳೆಯ ಪುಶ್ ಬಟನ್ನುಗಳನ್ನು ಕಿತ್ತು ಹಾಕಬೇಡಿ.

ಹತ್ತನೆಯ ಹೆಜ್ಜೆ: ಯಾರಿಗೆ ಪ್ರವೇಶ

ಒಬ್ಬೊಬ್ಬರಿಗೂ ಒಂದೊಂದು ಖಾತೆ. "ಸರ್ವಿಸ್" ಎಂಬ ಹೆಸರಿನ ಒಂದೇ ಖಾತೆಯನ್ನು ಐದು ಜನ ಬಳಸಿದರೆ ಯಾರು ಏನು ಮಾಡಿದರೆಂದು ಯಾವತ್ತೂ ತಿಳಿಯುವುದಿಲ್ಲ. ಕೆಲಸ ಬಿಟ್ಟವರ ಕೀಲಿಯನ್ನು ಅದೇ ದಿನ ಸರ್ವರಿನಿಂದ ತೆಗೆಯಿರಿ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ದಿನಗಟ್ಟಲೆ ನಿಂತದ್ದು, ಬಳಕೆಯಲ್ಲಿಲ್ಲದಿದ್ದರೂ ಮುಚ್ಚದೆ ಬಿಟ್ಟ ಒಂದು ವಿಪಿಎನ್ ಖಾತೆಯಿಂದ. ಅದಕ್ಕೆ ಪಾಸ್‌ವರ್ಡ್ ಒಂದೇ ಇತ್ತು, ಎರಡನೆಯ ಗುರುತಿನ ಪರೀಕ್ಷೆ ಇರಲಿಲ್ಲ.

ವೈರ್‌ಗಾರ್ಡ್‌ನಲ್ಲಿ ಎರಡನೆಯ ಪರೀಕ್ಷೆ ತಾನಾಗಿ ಇಲ್ಲ. ಆದ್ದರಿಂದ ಮಧ್ಯದಲ್ಲಿ ಒಂದು ಕಂಪ್ಯೂಟರ್ ಇಟ್ಟು, ಎಂಜಿನಿಯರ್ ಮೊದಲು ಅದರೊಳಗೆ ಮೊಬೈಲ್ ಕೋಡ್ ಕೊಟ್ಟು ಬಂದು, ಅಲ್ಲಿಂದ ಪಿಎಲ್‌ಸಿಗೆ ಹೋಗುವಂತೆ ಮಾಡಿ. ಪಿಎಲ್‌ಸಿ ಸಾಫ್ಟ್‌ವೇರ್ ಕೂಡ ಅದರಲ್ಲೇ ಇರಲಿ. ಹೀಗಾದರೆ ಯಾರದೋ ಲ್ಯಾಪ್‌ಟಾಪಿನ ವೈರಸ್ ನಿಮ್ಮ ಜಾಕ್‌ವೆಲ್‌ವರೆಗೆ ಸುಲಭವಾಗಿ ಬರುವುದಿಲ್ಲ.

ಹನ್ನೊಂದನೆಯ ಹೆಜ್ಜೆ: ಹೊರಡುವ ಮುನ್ನ ಪರೀಕ್ಷೆ

ಸ್ಥಳ ಬಿಡುವ ಮೊದಲು ವ್ಯವಸ್ಥೆಯನ್ನು ಬೇಕೆಂದೇ ಕೆಡಿಸಿ ನೋಡಿ. ಮೊದಲ ಸಿಮ್ಮಿನ ಸಂಪರ್ಕ ಕಡಿದರೆ ಎರಡನೆಯದಕ್ಕೆ ಎಷ್ಟು ಹೊತ್ತಿನಲ್ಲಿ ಹೊರಳುತ್ತದೆ? ವಿದ್ಯುತ್ ಹತ್ತು ನಿಮಿಷ ತೆಗೆದು ಹಾಕಿದರೆ ಯಾರೂ ಮುಟ್ಟದೆ ಸುರಂಗ ಏರುತ್ತದೆಯೇ? ಕೀಲಿ ಮುಚ್ಚಿದಾಗ ಪಿಎಲ್‌ಸಿಗೆ ನಿಜವಾಗಿಯೂ ದಾರಿ ಇಲ್ಲವೇ? ಹೊರಗಿನ ಇನ್ನೊಂದು ಮೊಬೈಲ್ ಸಂಪರ್ಕದಿಂದ ನಿಮ್ಮದೇ ಸರ್ವರ್ ವಿಳಾಸವನ್ನು ಸ್ಕ್ಯಾನ್ ಮಾಡಿ. ವಿಪಿಎನ್ ಬಿಟ್ಟು ಬೇರೇನಾದರೂ ಓಗೊಟ್ಟರೆ ಮುಚ್ಚಿ.

ರೂಟರಿನ ವಾಚ್‌ಡಾಗ್ (ಸಂಪರ್ಕ ಕಡಿದರೆ ರೂಟರನ್ನು ಮರುಚಾಲನೆ ಮಾಡುವ ಕಾವಲು ವ್ಯವಸ್ಥೆ) ಸುರಂಗದ ಆ ತುದಿಯನ್ನು ಪಿಂಗ್ ಮಾಡಲಿ, ಮೊಬೈಲ್ ಸಂಪರ್ಕ ಇದೆಯೇ ಎಂದಷ್ಟೇ ನೋಡಿದರೆ ಸಾಲದು. ಆದರೆ ರೂಟರನ್ನು ಮರುಚಾಲನೆ ಮಾಡುವ ಮುನ್ನ ಕನಿಷ್ಠ ಹದಿನೈದು ನಿಮಿಷ ಕಾಯುವಂತಿರಲಿ. ಇಲ್ಲದಿದ್ದರೆ ಟವರ್ ಕೆಟ್ಟ ದಿನ ಅದು ಇಡೀ ದಿನ ಏಳುತ್ತಾ ಬೀಳುತ್ತಾ ಇರುತ್ತದೆ.

ಆಮೇಲಿನ ದಿನಗಳು

ಲಾಗ್‌ಗಳು ರೂಟರಿನಲ್ಲೇ ಉಳಿದರೆ ಕಳೆದುಹೋಗುತ್ತವೆ; ಮಧ್ಯದ ಸರ್ವರಿಗೆ ಕಳಿಸಿ. ಸರ್ಟ್-ಇನ್ ನಿರ್ದೇಶನದ ಪ್ರಕಾರ ಅವನ್ನು 180 ದಿನ ಇಟ್ಟುಕೊಳ್ಳಬೇಕು, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ರೂಟರಿನ ಹೊಂದಾಣಿಕೆಯ ಕಡತವನ್ನೂ ಪಿಎಲ್‌ಸಿ ಪ್ರೋಗ್ರಾಮನ್ನೂ ಎರಡು ಬೇರೆ ಜಾಗಗಳಲ್ಲಿ ಇಡಿ. ಮೂರು ತಿಂಗಳಿಗೊಮ್ಮೆ ಫರ್ಮ್‌ವೇರ್ ನೋಡಿ. ಹೊಸದನ್ನು ಮೊದಲು ಮೇಜಿನ ಮೇಲಿನ ಬಿಡಿ ರೂಟರಿನಲ್ಲಿ ಹಾಕಿ, ಆಮೇಲೆ ಪಂಪ್‌ಹೌಸಿಗೆ, ಅದೂ ಟ್ಯಾಂಕು ತುಂಬಿರುವ ಹೊತ್ತಿನಲ್ಲಿ.

ಕೊನೆಯದಾಗಿ ಪ್ಯಾನೆಲ್ ಬಾಗಿಲಿನ ಒಳಬದಿಗೆ ಒಂದು ಹಾಳೆ ಅಂಟಿಸಿ. ಅದರಲ್ಲಿ ಪಾಸ್‌ವರ್ಡ್ ಬೇಡ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಇಷ್ಟಿರಲಿ: ಹಸಿರು ದೀಪ ಎಂದರೆ ರೂಟರಿಗೆ ಸಂಪರ್ಕವಿದೆ. ಹಳದಿ ಎಂದರೆ ಹೊರಗಿನವರು ಒಳಗಿದ್ದಾರೆ, ಪಂಪನ್ನು ಮುಟ್ಟಬೇಡಿ. ನೀವು ಕೀಲಿ ತಿರುಗಿಸದೆ ಹಳದಿ ಉರಿದರೆ ಸೆಲೆಕ್ಟರನ್ನು ಲೋಕಲ್‌ಗೆ ಹಾಕಿ, ರೂಟರಿನ ಫ್ಯೂಸ್ ತೆಗೆಯಿರಿ, ಆಮೇಲೆ ಫೋನ್ ಮಾಡಿ. ಹಾಳೆ ಅಂಟಿಸಿದ ಮೇಲೆ ನೀರುಗಂಟಿಯ ಜೊತೆ ನಿಂತು, ಅವರ ಕೈಯಿಂದಲೇ ಆ ಫ್ಯೂಸನ್ನು ಒಮ್ಮೆ ತೆಗೆಸಿ, ಹಾಕಿಸಿ.